ತಾತನ ಬಂದೂಕು, ಮೊಮ್ಮಗನ ಪಾಡು

ಹೊಸೂರು: ಸೈನ್ಯ ಬಳಸಿ ಬಿಟ್ಟ ಹಳೇ ಬಂದೂಕು ಕೊಂಡು, ಎಣ್ಣೆ ಹಚ್ಚಿ ಒರೆಸಿ, ಗೋಡೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸುವುದು ಅಮೆರಿಕದಲ್ಲಿ ದೊಡ್ಡ ಹವ್ಯಾಸ. ಅದರಲ್ಲೂ ‘ಕಾರ್ಬೈನ್’ ಎಂಬ ಗಿಡ್ಡ ಬಂದೂಕಿಗೆ ಅಲ್ಲಿ ಮುಗಿಬೀಳುವವರಿದ್ದಾರೆ. ಅಂಥದ್ದೇ ಒಂದು ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಮನೆಯ ಅಟ್ಟದಲ್ಲಿ ಸಿಕ್ಕರೆ? ಅದು ಹವ್ಯಾಸ ಆಗುವುದಿಲ್ಲ, ಪೊಲೀಸ್ ಕೇಸು ಆಗುತ್ತದೆ.

‘ತಾತನ ಕಾಲದ್ದು, ತುಕ್ಕು ಹಿಡ್ದು ಕೂತದೆ, ಅದರಿಂದ ಏನಾಗ್ತದೆ ಬುಡಿ’ ಎನ್ನುವುದು ಹಳ್ಳಿಗಳಲ್ಲಿ ವಾಡಿಕೆಯ ಮಾತು. ಆಯುಧಪೂಜೆ ದಿನ ಕುಡುಗೋಲು, ಮಚ್ಚು, ನೇಗಿಲಿನ ಜತೆ ಅದನ್ನೂ ಇಳಿಸಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಮೇಲಕ್ಕೆ ಸೇರಿಸುವುದೂ ಉಂಟು. ಆದರೆ ಲೈಸೆನ್ಸ್‌ನಲ್ಲಿರುವ ಹೆಸರು ತಾತನದು, ಮನೆಯಲ್ಲಿರುವವನು ಮೊಮ್ಮಗ ಎಂದಾದರೆ ಕಾನೂನಿನ ಕಣ್ಣಿಗೆ ಆ ಬಂದೂಕು ಲೈಸೆನ್ಸ್ ಇಲ್ಲದ ಬಂದೂಕೇ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೂ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಸೈನ್ಯದ ಮಾದರಿಯ ನಿಷೇಧಿತ ಬಂದೂಕಾದರೆ 7ರಿಂದ 14 ವರ್ಷ.

ಕುದುರೆ ಸವಾರನ ಕೋವಿ

ಕಾರ್ಬೈನ್ ಎಂದರೆ ಮೂಲದಲ್ಲಿ ಕುದುರೆ ಸವಾರನ ಕೋವಿ. ಕಾಲಾಳು ಸಿಪಾಯಿಯ ಬಂದೂಕು ಆಳೆತ್ತರ ಇರುತ್ತಿತ್ತು. ಕುದುರೆ ಮೇಲೆ ಕೂತು ಅದನ್ನು ಹಿಡಿಯಲಾಗದು, ಮದ್ದು ತುಂಬಲಂತೂ ಆಗದು. ಅದಕ್ಕೆ ನಳಿಗೆ ಮೊಟಕು ಮಾಡಿ, ತೂಕ ಇಳಿಸಿ, ಪಟ್ಟಿಗೆ ಸಿಕ್ಕಿಸಿ ನೇತುಹಾಕಿಕೊಳ್ಳುವಂತೆ ಮಾಡಿದರು. ಗುರಿಯ ದೂರ ಕಡಿಮೆಯಾಯಿತು, ಕೈಗೆ ಹಗುರಾಯಿತು.

1857ರ ದಂಗೆಯ ಮೊದಲ ಕಿಡಿಗಳಲ್ಲಿ ಒಂದು ಹಾರಿದ್ದೂ ಈ ಗಿಡ್ಡ ಬಂದೂಕಿನ ತೋಟಾದ ವಿಷಯಕ್ಕೇ. ಆ ವರ್ಷ ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಬಂಗಾಳ ಲಘು ಅಶ್ವದಳದ 85 ಸವಾರರು ತೋಟಾ ಮುಟ್ಟುವುದಿಲ್ಲ ಎಂದು ನಿಂತರು. ಅವರಿಗೆ ಶಿಕ್ಷೆಯಾದ ಬೆನ್ನಿಗೇ ಮೇ 10ರಂದು ದಂಗೆ ಎದ್ದಿತು.

ಹೊಸೂರಿಗೂ ಕುದುರೆ ದಳಕ್ಕೂ ಹಳೇ ನಂಟು. ಇಲ್ಲಿನ ಮತ್ತಿಗಿರಿಯಲ್ಲಿರುವ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದು ಸೈನ್ಯಕ್ಕೆ ಕುದುರೆ ಸಾಕಿ ಕೊಡುವುದಕ್ಕೆ. 1,600 ಎಕರೆಗೂ ಹೆಚ್ಚು ಹುಲ್ಲುಗಾವಲು, ತಂಪು ಹವೆ. ಕುದುರೆಗೆ ಬೇಕಾದ್ದೆಲ್ಲ ಇತ್ತು. ಆಮೇಲೆ ಕುದುರೆ ಹೋಗಿ ದನ ಬಂತು. ಮದ್ರಾಸ್ ಸೈನ್ಯದ ಸವಾರನ ಹೆಗಲಿಗೆ ಕಾರ್ಬೈನ್ ಬಂದದ್ದು ಇಂಗ್ಲೆಂಡಿನಿಂದ, ಅವನ ಕಾಲಡಿಯ ಕುದುರೆ ಹೋದದ್ದು ಹೊಸೂರಿನಂಥ ಊರಿಂದ!

ಯುದ್ಧದ ದಾರಿಯಲ್ಲಿದ್ದ ಸೀಮೆ

ಬಂದೂಕಿನ ಸದ್ದು ಈ ಸೀಮೆಗೆ ಹೊಸದಲ್ಲ. ಮೊದಲ ಮೈಸೂರು ಯುದ್ಧದಲ್ಲಿ, 1768ರಲ್ಲಿ, ಕೃಷ್ಣಗಿರಿ ಕೋಟೆ ಇಂಗ್ಲಿಷರ ಕೈಗೆ ಹೋಯಿತು. ಮೂರನೇ ಯುದ್ಧದಲ್ಲಿ, 1791ರ ಜುಲೈನಲ್ಲಿ, ಹೊಸೂರು ಮತ್ತು ರಾಯಕೋಟೆ ಬಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಕೃಷ್ಣಗಿರಿ ಬೆಟ್ಟ ಹತ್ತಲು ಹೋದ ಕಂಪನಿ ಸೈನ್ಯ ಮಾತ್ರ ಸೋತು ವಾಪಸಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಸೇರಿತು. ಹೊಸೂರು, ಡೆಂಕಣಿಕೋಟೆ ಕಡೆಯ ಮೇಲುನಾಡು ಟಿಪ್ಪು ಸಾಯುವ 1799ರವರೆಗೂ ಮೈಸೂರಿನದೇ ಆಗಿತ್ತು.

ಟಿಪ್ಪುವಿನ ಕಾರ್ಖಾನೆಗಳಲ್ಲಿ ಆಗಿನ ಯುರೋಪಿನ ಮಾದರಿಯ ಕಲ್ಲುಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು. ಹುಲಿ ಪಟ್ಟೆಯ ಗುರುತು, ಮೌಲೂದಿ ಶಕೆಯ ವರ್ಷ ಅವುಗಳ ಮೇಲಿರುತ್ತವೆ. ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಮಾಲು ಹಡಗು ಹತ್ತಿತು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಕೊಂಡೊಯ್ದಿದ್ದ ವಸ್ತುಗಳು ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕವು. 2019ರ ಮಾರ್ಚ್‌ನಲ್ಲಿ ಅವು ಹರಾಜಾದಾಗ ಬೆಳ್ಳಿ ಕಟ್ಟಿನ ಒಂದು ಬಂದೂಕೇ 60 ಸಾವಿರ ಪೌಂಡ್‌ಗೆ ಹೋಯಿತು.

ಅಲ್ಲಿಯ ಅಟ್ಟದಲ್ಲಿ ಸಿಕ್ಕರೆ ಹರಾಜು, ಇಲ್ಲಿಯ ಅಟ್ಟದಲ್ಲಿ ಸಿಕ್ಕರೆ ಎಫ್‌ಐಆರ್. ಈ ವ್ಯತ್ಯಾಸ ಹುಟ್ಟಿದ್ದು ಕಾನೂನಿನಿಂದ, ಆ ಕಾನೂನು ಹುಟ್ಟಿದ್ದು ಭಯದಿಂದ.

ಯಾವಾಗಲೂ ಒಂದು ಹೆಜ್ಜೆ ಹಿಂದೆ

1857ರ ಮೇಲೆ ಇಂಗ್ಲಿಷರು ಎರಡು ಕೆಲಸ ಮಾಡಿದರು. ಒಂದು, ಜನರ ಕೈಯಿಂದ ಆಯುಧ ಕಿತ್ತುಕೊಂಡರು. ಎರಡು, ತಮ್ಮದೇ ಸೈನ್ಯದ ಭಾರತೀಯ ಸಿಪಾಯಿಗೂ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಟ್ಟರು. ಬಿಳಿಯ ಸೈನಿಕನಿಗೆ ಸುರುಳಿ ಗೀರಿನ ಎನ್‌ಫೀಲ್ಡ್ ಇದ್ದರೆ ನಮ್ಮವನಿಗೆ ನುಣುಪು ನಳಿಗೆಯದು. ಅವನಿಗೆ ಮಾರ್ಟಿನಿ-ಹೆನ್ರಿ ಬಂದಾಗ ಇವನಿಗೆ ಅವನು ಬಿಟ್ಟ ಸ್ನೈಡರ್. ಅವನಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವನಿಗೆ ಮಾರ್ಟಿನಿ. ‘ಸೈನ್ಯದ ಹಳೇ ಮಾಲು’ ಎಂಬ ಮಾತಿಗೆ ಇಲ್ಲಿ ಬೇರೆ ಅರ್ಥವೇ ಇತ್ತು. ಭಾರತೀಯ ಸಿಪಾಯಿ ಹಿಡಿದದ್ದೇ ಹಳೇ ಮಾಲು!

ಪೊಲೀಸರಿಗೂ ಅದೇ ಪಾಡು. 303 ರೈಫಲ್‌ನ ನಳಿಗೆ ಕೊರೆದು, ನುಣುಪು ಮಾಡಿ, 410 ಮಸ್ಕೆಟ್ ಎಂದು ಕಾವಲಿಗೆ ಕೊಡಲಾಯಿತು. ಕೈತಪ್ಪಿದರೂ ಸೈನ್ಯದ ತೋಟಾ ಅದರಲ್ಲಿ ಸಿಡಿಯಬಾರದು ಎಂಬ ಮುನ್ನೆಚ್ಚರಿಕೆ ಅದು.

ಲೈಸೆನ್ಸ್ ಪದ್ಧತಿ ಬಿಗಿಯಾದದ್ದು 1878ರ ಶಸ್ತ್ರಾಸ್ತ್ರ ಕಾಯ್ದೆಯಿಂದ. ಅದೇ 1878ರ ಡಿಸೆಂಬರ್‌ನಲ್ಲಿ ಹೊಸೂರು ಪಕ್ಕದ ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದರು. ಸ್ವಾತಂತ್ರ್ಯ ಚಳವಳಿಗೂ ಈ ಕಾಯ್ದೆ ಚುಚ್ಚುತ್ತಲೇ ಇತ್ತು. ಅಹಿಂಸೆಯ ಗಾಂಧೀಜಿಯೇ 1930ರ ಜನವರಿಯಲ್ಲಿ ವೈಸರಾಯ್ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕು ಲೈಸೆನ್ಸ್ ಕೊಡಬೇಕು ಎಂಬುದೂ ಒಂದು. ಆದರೆ ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ಮಾಡಿದಾಗ ಲೈಸೆನ್ಸ್ ಪದ್ಧತಿ ಹೋಗಲಿಲ್ಲ. ಆ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಅಲ್ಲಿ ಸಂಗ್ರಹ, ಇಲ್ಲಿ ನಿಷೇಧ

ಅಮೆರಿಕದ ಕೇಂದ್ರ ಕಾನೂನು 1898 ಅಥವಾ ಅದಕ್ಕಿಂತ ಮೊದಲು ತಯಾರಾದ ಬಂದೂಕನ್ನು ‘ಪುರಾತನ’ ಎಂದು ಪಕ್ಕಕ್ಕಿಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶ 60 ಲಕ್ಷಕ್ಕೂ ಹೆಚ್ಚು ‘ಎಂ-1’ ಕಾರ್ಬೈನ್ ತಯಾರಿಸಿತು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಬೇಕಾದಷ್ಟು ಜನಸಾಮಾನ್ಯರ ಮನೆ ಸೇರಿದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕಠ್ಮಂಡುವಿನ ಹಳೇ ಅರಮನೆಯ ಶಸ್ತ್ರಾಗಾರವನ್ನೇ ಗುತ್ತಿಗೆ ಹಿಡಿದಂತೆ ಕೊಂಡರು. ಧೂಳಲ್ಲಿ ಹೂತಿದ್ದ ಸುಮಾರು 50 ಸಾವಿರ ಬಂದೂಕು ಕಡಲು ದಾಟಿದವು. ಗೂರ್ಖಾ ಸಿಪಾಯಿ ಹಿಡಿದ ಮಾರ್ಟಿನಿ ಇಂದು ಅಮೆರಿಕದ ಯಾರದೋ ಮನೆಯ ಗೋಡೆ ಮೇಲಿದೆ.

ಭಾರತದಲ್ಲಿ ಇದು ನಡೆಯುವುದಿಲ್ಲ. ನಮ್ಮ ನಿಯಮದ ಮೊದಲ ಪಟ್ಟಿಯಲ್ಲೇ 303 ಮತ್ತು 7.62 ಎಂ.ಎಂ. ಸೈನ್ಯದ ತೋಟಾ ಹಿಡಿಯುವ ರೈಫಲ್, 410 ಮಸ್ಕೆಟ್, ಸೈನ್ಯದ 9 ಎಂ.ಎಂ. ತೋಟಾ ಹಾರಿಸುವ ಪಿಸ್ತೂಲು, ಕಾರ್ಬೈನ್ ಎಲ್ಲವೂ ‘ನಿಷೇಧಿತ ಬೋರ್’ ಎಂದು ಸ್ಪಷ್ಟವಾಗಿ ಬರೆದಿದೆ. ಇವಕ್ಕೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವಂತಿಲ್ಲ, ಕೇಂದ್ರ ಗೃಹ ಸಚಿವಾಲಯವೇ ಕೊಡಬೇಕು. ಹವ್ಯಾಸಕ್ಕೆ ಬೇಕು ಎಂದರೆ ಸಿಗುವ ಮಾಲಲ್ಲ ಇದು. ಅಮೆರಿಕದಲ್ಲಿರುವ ಮಗ ಅಲ್ಲಿ ಕಾನೂನುಬದ್ಧವಾಗಿ ಕೊಂಡ ಕಾರ್ಬೈನ್ ಆದರೂ ಊರಿಗೆ ತರುವ ಯೋಚನೆ ಬಿಡುವುದು ಒಳ್ಳೆಯದು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಉದ್ದ ನಳಿಗೆಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡುವುದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಅಪರಾಧ. ಆತ್ಮರಕ್ಷಣೆ, ಕ್ರೀಡೆಗೆ ಕೊಡುವ ನುಣುಪು ನಳಿಗೆಯ ಬಂದೂಕಿನ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ‘ಹೊತ್ಕೊಂಡು ಓಡಾಡಕ್ಕೆ ಸಲೀಸು’ ಎಂದು ಕೊಯ್ದವನು ಇದ್ದ ಲೈಸೆನ್ಸನ್ನೂ ಕಳೆದುಕೊಳ್ಳಬೇಕಾದೀತು.

ಅಟ್ಟದ ಮೇಲೆ ಇರುವುದೇನು?

ಹಳ್ಳಿಗಳಲ್ಲಿ ಉಳಿದಿರಬಹುದಾದ ಹಳೇ ಬಂದೂಕು ಹೆಚ್ಚಾಗಿ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಅದನ್ನು ‘ಎಸ್‌ಬಿಎಂಎಲ್’ ಎಂದು ಬರೆಯುತ್ತಾರೆ. ತೋಟಾ ಹಾಕುವ ಒಂಟಿ ನಳಿಗೆ ‘ಎಸ್‌ಬಿಬಿಎಲ್’, ಜೋಡಿ ನಳಿಗೆ ‘ಡಿಬಿಬಿಎಲ್’. ಬೆಳೆ ಕಾಯಲು ಬಾಯಿ ತುಂಬುವ ಕೋವಿಗೆ ಲೈಸೆನ್ಸ್ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಊರ ಗೌಡ, ಮಣಿಯಗಾರ, ಶ್ಯಾನುಭೋಗರ ಮನೆಗಳಲ್ಲಿ ಬಂದೂಕು ಅಂತಸ್ತಿನ ಗುರುತೂ ಆಗಿತ್ತು.

ನಿಜವಾಗಿ ಸೈನ್ಯದಿಂದ ಬಂದದ್ದೋ ಅಲ್ಲವೋ ಎಂಬುದನ್ನು ಲೋಹದ ಮೇಲಿನ ಮುದ್ರೆ ಹೇಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಿಗೆ ಮೊದಮೊದಲು ಹೃದಯದ ಆಕಾರದ ಮುದ್ರೆ, ಆಮೇಲೆ ನಿಂತ ಸಿಂಹ. ರಾಣಿಯ ಕಾಲದ್ದಕ್ಕೆ ಕಿರೀಟ, ಅದರ ಕೆಳಗೆ ‘ವಿಆರ್’. ಇಂಗ್ಲಿಷ್ ಸರ್ಕಾರದ ಸ್ವತ್ತಿಗೆ ಬಾಣದ ಗುರುತು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡಂತೆ ಇದ್ದರೆ, ಸೈನ್ಯ ಅದನ್ನು ವಿಲೇವಾರಿ ಮಾಡಿ ಮಾರಿದೆ ಎಂದರ್ಥ. ಆದರೆ ‘ಟವರ್’ ಎಂದು ಕೊರೆದು, ಹಳೇ ಇಸವಿ ಹಾಕಿದ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಾ ಇದೆ. ಮುದ್ರೆ ನೋಡಿ ಲಕ್ಷದ ಲೆಕ್ಕ ಹಾಕುವುದು ಬೇಡ. ನೂರು ವರ್ಷ ದಾಟಿದ್ದು ನಿಜವೇ ಆದರೆ ಅದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

‘ಕೆಟ್ಟು ಹೋಗಿದೆ, ಅದಕ್ಯಾಕೆ ಲೈಸೆನ್ಸು’ ಎನ್ನುವವರೂ ಇದ್ದಾರೆ. ಹಳೇ ಮಾದರಿಯ, ರಿಪೇರಿ ಮಾಡಿದರೂ ಹಾರದ ಬಂದೂಕಿಗೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇರುವುದು ನಿಜ. ಕಿವಿಗೊಡಬೇಕಾದ ಮಾತು ‘ರಿಪೇರಿ ಮಾಡಿದರೂ’ ಎಂಬುದು. ಒಂದು ಸ್ಪ್ರಿಂಗ್ ಹಾಕಿದರೆ ಹಾರುತ್ತದೆ ಎಂದಾದರೆ ವಿನಾಯಿತಿ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ಪರಿಣತರು, ಮನೆಯವರಲ್ಲ.

ಕಾಡಂಚಿನ ಕಷ್ಟ

ಈ ಭಾಗದಲ್ಲಿ ಬಂದೂಕಿನ ಮಾತು ಎತ್ತಿದರೆ ಆನೆ, ಹಂದಿಯ ಮಾತು ಬಂದೇ ಬರುತ್ತದೆ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟ ಕಡೆಯಿಂದ ಜವಳಗಿರಿ, ತಳಿ, ಸಾನಮಾವು ಕಾಡುಗಳಿಗೆ ಆನೆಹಿಂಡು ಇಳಿಯುತ್ತದೆ. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ತಮಟೆ ಬಡಿಯುವ ರೈತನಿಗೆ ‘ತಾತನ ಕಾಲದಲ್ಲಿ ಒಂದು ಗುಂಡು ಹಾರಿಸಿದ್ರೆ ಸಾಕಿತ್ತು’ ಅನ್ನಿಸುವುದು ಸಹಜ.

ಆದರೆ ಕಾಲ ಬದಲಾಗಿದೆ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮ ಘೋಷಣೆಯಾದವು. ಆನೆಗೆ ಗುಂಡು ಹೊಡೆದರೆ ಕನಿಷ್ಠ 3 ವರ್ಷ ಜೈಲು. ಹಂದಿ ಕಾಟದ ಬಗ್ಗೆ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಕ್ರಮದಲ್ಲೂ ಕಾಡಿನಿಂದ 3 ಕಿ.ಮೀ. ಆಚೆ ಹಂದಿ ಹೊಡೆಯುವ ಅಧಿಕಾರ ಅರಣ್ಯ ಸಿಬ್ಬಂದಿಗೆ ಮಾತ್ರ. ರೈತ ತಾನೇ ಕೋವಿ ಎತ್ತುವಂತಿಲ್ಲ.

ಲೈಸೆನ್ಸ್ ಇಲ್ಲದ ನಾಡ ಬಂದೂಕು, ತಮಿಳಿನವರು ‘ನಾಟ್ಟು ತುಪ್ಪಾಕಿ’ ಎನ್ನುವುದು, ಕಾಡಂಚಿನ ಪೊಲೀಸರಿಗೂ ಅರಣ್ಯ ಇಲಾಖೆಗೂ ಯಾವತ್ತೂ ತಲೆನೋವು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಬಳಿ ವೀರಪ್ಪನ್ ಹತನಾಗುವವರೆಗೆ ಈ ಕಾಡುಗಳ ಸುತ್ತಲ ಜನ ಬಂದೂಕಿನ ಹೆಸರಲ್ಲಿ ಅನುಭವಿಸಿದ ವಿಚಾರಣೆ, ಹಿಂಸೆ ಎರಡೂ ರಾಜ್ಯದವರಿಗೆ ನೆನಪಿದೆ. ಆ ಹೆದರಿಕೆಯಿಂದಲೇ ಎಷ್ಟೋ ಜನ ಠಾಣೆಗೆ ಹೋಗಿ ಒಪ್ಪಿಸುವ ಬದಲು ಬಚ್ಚಿಡುತ್ತಾರೆ. ಬಚ್ಚಿಟ್ಟಷ್ಟೂ ಅಪಾಯ ಮುಂದಿನ ತಲೆಮಾರಿಗೆ ದಾಟುತ್ತದೆ.

ಜೂಜುವಾಡಿ ದಾಟಿದರೆ

ಗಡಿಯವರ ತೊಡಕು ಇನ್ನೂ ಒಂದಿದೆ. ಲೈಸೆನ್ಸ್‌ಗೆ ವ್ಯಾಪ್ತಿ ಎಂಬುದಿರುತ್ತದೆ. ತಮಿಳುನಾಡಿಗೆ ಮಾತ್ರ ಎಂದು ಬರೆದಿದ್ದರೆ ಜೂಜುವಾಡಿ ದಾಟಿ ಅತ್ತಿಬೆಲೆಗೆ ಒಯ್ಯುವುದೂ ತಪ್ಪೇ. ಅಣ್ಣನ ಜಮೀನು ಕೆಲಮಂಗಲದಲ್ಲಿ, ತಮ್ಮನ ಮನೆ ಆನೇಕಲ್‌ನಲ್ಲಿ ಎಂಬ ಕುಟುಂಬಗಳು ಎಷ್ಟೋ. ‘ಸುಮ್ನೆ ತಮ್ಮನ ಮನೇಲಿ ಇಟ್ಟಿರ್ಲಿ’ ಎಂದು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರೆ ಚೆಕ್‌ಪೋಸ್ಟ್‌ನಲ್ಲಿ ಉತ್ತರ ಹೇಳುವುದು ಕಷ್ಟ.

ಕಚೇರಿಗಳೂ ಬೇರೆ ಬೇರೆ. ಹೊಸೂರಿನವರಿಗೆ ಲೈಸೆನ್ಸ್ ಕೊಡುವವರು ಕೃಷ್ಣಗಿರಿ ಜಿಲ್ಲಾಧಿಕಾರಿ, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ಚುನಾವಣೆ ಬಂದರೆ ಠಾಣೆಗೆ ಬಂದೂಕು ಒಪ್ಪಿಸುವ ಆದೇಶವೂ ಆಯಾ ರಾಜ್ಯದ ದಿನಾಂಕದ ಪ್ರಕಾರ ಬರುತ್ತದೆ.

ಕೊಡಗಿನ ಲೆಕ್ಕ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ‘ಮಡಿಕೇರಿಯವರಿಗೆ ಇದ್ದರೆ ನಮಗ್ಯಾಕಿಲ್ಲ’ ಎನ್ನಬಹುದು. ಆ ವಿನಾಯಿತಿ ಆ ಜನರಿಗೆ, ಆ ಹಿಡುವಳಿಗೆ ಅಂಟಿದ್ದು. ಹೊಸೂರಿನ ಗೌಡರಿಗೆ ಅದರ ನೆರಳು ಬೀಳುವುದಿಲ್ಲ.

ಏನು ಮಾಡಬೇಕು, ಏನು ಮಾಡಬಾರದು?

* ಹಳೇ ಬಂದೂಕು ಸಿಕ್ಕರೆ ಕುದುರೆ ಎಳೆದು ನೋಡಬೇಡಿ, ಬಡಿಯಬೇಡಿ, ಬೆಂಕಿಗೆ ಹಾಕಬೇಡಿ. ಬಾಯಿಂದ ತುಂಬಿದ ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷದ ನಂತರವೂ ಸಿಡಿಯಬಲ್ಲದು. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

* ಗುಜರಿಗೆ ಮಾರಬೇಡಿ, ಬಾವಿಗೆ, ಕೆರೆಗೆ ಎಸೆಯಬೇಡಿ. ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಇದ್ದರೆ ಬಂದೂಕು ಎಲ್ಲಿ ಎಂಬ ಪ್ರಶ್ನೆ ವಾರಸುದಾರರಿಗೆ ಬರುತ್ತದೆ.

* ಲೈಸೆನ್ಸ್‌ದಾರ ತೀರಿಕೊಂಡಿದ್ದರೆ ಅಥವಾ ಅವಧಿ ಮುಗಿದಿದ್ದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಕಾಯ್ದೆಯ 21ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಕಾಗದವೇ ಇಲ್ಲದ ಬಂದೂಕಾದರೆ ಮೊದಲು ವಕೀಲರ ಸಲಹೆ ಪಡೆದು, ಅವರ ಜತೆ ಠಾಣೆಗೆ ಹೋಗುವುದು ಕ್ಷೇಮ.

* ಬಂದೂಕು ಮನೆತನದಲ್ಲೇ ಉಳಿಯಬೇಕೆಂದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ತಾಲ್ಲೂಕು ಕಚೇರಿಯಿಂದ ವಾರಸುದಾರರ ಸರ್ಟಿಫಿಕೇಟ್ (ತಮಿಳಿನಲ್ಲಿ ‘ವಾರಿಸು ಸಾನ್ರಿದಳ್’), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಬಂದೂಕು ಬಳಕೆಯ ತರಬೇತಿ ಸರ್ಟಿಫಿಕೇಟ್ ಬೇಕು.

* ಹಿರಿಯರು ಬದುಕಿರುವಾಗಲೇ ವರ್ಗಾಯಿಸಬಹುದು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷದಿಂದ ಅವರ ಬಳಿ ಇದ್ದರೆ 2016ರ ನಿಯಮದಲ್ಲಿ ಅವಕಾಶವಿದೆ. ಸಾವಿನ ನಂತರದ ಓಡಾಟಕ್ಕಿಂತ ಇದು ಮೇಲು.

* 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಲ್ಲಿ 2 ಬಂದೂಕು ಮಾತ್ರ. ಪಿತ್ರಾರ್ಜಿತವೂ ಈ ಲೆಕ್ಕದೊಳಗೇ. ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿದೆ. ಹಳೇ ಪುಸ್ತಕಕ್ಕೆ ಕಂಪ್ಯೂಟರ್ ನಂಬರ್ (ಯುಐಎನ್) ಹಾಕಿಸಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ.

ಕಬ್ಬಿಣ ಹೋದರೂ ಕಥೆ ಉಳಿಯಲಿ

ಗಿಡ್ಡ ಬಂದೂಕು ನೋಡಲೇಬೇಕು ಎನ್ನುವವರಿಗೆ ದಾರಿ ಇಲ್ಲದಿಲ್ಲ. ಚೆನ್ನೈ ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದ ಆಯುಧ ವಿಭಾಗದಲ್ಲಿ ತಂಜಾವೂರು ಅರಮನೆಯ, ಸೇಂಟ್ ಜಾರ್ಜ್ ಕೋಟೆಯ ಶಸ್ತ್ರಾಗಾರದ ಹಳೇ ಆಯುಧಗಳಿವೆ. ಕೋಟೆಯೊಳಗೇ ಇನ್ನೊಂದು ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ದಿನದಲ್ಲಿ ನೋಡಿ ಬರಬಹುದು.

ಮನೆಯ ಬಂದೂಕು ಠಾಣೆಗೆ ಹೋಗುವ ಮೊದಲು ಅದರ ಮೇಲಿನ ಮುದ್ರೆ, ಇಸವಿ, ನಂಬರ್ ಬರೆದಿಟ್ಟುಕೊಳ್ಳಿ. ತಾತನ ಹಳೇ ಲೈಸೆನ್ಸ್ ಪುಸ್ತಕದ ಫೋಟೊ ತೆಗೆದಿಡಿ. ಸೇಲಂ ಜಿಲ್ಲೆ ಎಂದೋ, ಧರ್ಮಪುರಿ ಜಿಲ್ಲೆ ಎಂದೋ ಅದರ ಮೇಲಿರುತ್ತದೆ. 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಊರು ಕದಲದೆ ಜಿಲ್ಲೆ ಬದಲಾದ ಕಥೆ ಆ ಒಂದು ಪುಸ್ತಕದಲ್ಲೇ ಸಿಗುತ್ತದೆ. ಯಾರು ಕೊಂಡದ್ದು, ಯಾವ ಬೆಳೆ ಕಾಯಲು ಕೊಂಡದ್ದು, ಎಷ್ಟು ವರ್ಷ ಆಯುಧಪೂಜೆಗೆ ಇಳಿದದ್ದು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಅದನ್ನು ಇಟ್ಟುಕೊಳ್ಳಲು ಯಾವ ಲೈಸೆನ್ಸೂ ಬೇಡ.